ಬೆಂಚು ತಗ್ಗಿತು, ಮಕ್ಕಳು ನೆಟ್ಟಗೆ ಕೂತರು

ಬದಿಯಡ್ಕ ಹತ್ತಿರದ ಒಂದು ವೆಲ್ಡಿಂಗ್ ಶಾಪಿನಲ್ಲಿ ನಮ್ಮ ಕನ್ನಡ ಮೀಡಿಯಂ ಶಾಲೆಯ ನಾಲ್ಕನೇ ಕ್ಲಾಸಿಗೆ ಬೆಂಚು, ಡೆಸ್ಕು ಮಾಡಿಸಿ ಒಂದು ವರ್ಷ ಆಯ್ತು. ನನಗಂತೂ ತುಂಬಾ ಖುಷಿಯಾಗಿದೆ.

ಹಳೆಯ ಬೆಂಚು 45 ಸೆಂಟಿಮೀಟರ್ ಎತ್ತರ, ದೊಡ್ಡ ಮಕ್ಕಳ ಅಳತೆ. ಪುಟ್ಟ ಮಕ್ಕಳ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಕಾಲು ನೇತಾಡಿದರೆ ತೊಡೆಯ ಅಡಿಗೆ ಬೆಂಚಿನ ಅಂಚು ಒತ್ತುತ್ತದೆ, ಜೋಮು ಹಿಡಿಯುತ್ತದೆ, ಆಮೇಲೆ ಮಗು ಅತ್ತಿತ್ತ ಸರಿಯದೆ ಇನ್ನೇನು ಮಾಡೀತು ಹೇಳಿ? ಅದನ್ನು ತುಂಟತನ ಅಂದುಕೊಂಡು ನಾನು ಎಷ್ಟು ಸಲ ಬೈದಿದ್ದೇನೋ, ಈಗ ನೆನೆದರೆ ಸಂಕಟವಾಗುತ್ತದೆ.

ಯುರೋಪಿನ ಇಎನ್ 1729 ಮಾನದಂಡದಲ್ಲಿ 119ರಿಂದ 142 ಸೆಂಟಿಮೀಟರ್ ಎತ್ತರದ ಮಕ್ಕಳಿಗೆ ಸೀಟು 35 ಸೆಂಟಿಮೀಟರ್. ಅದನ್ನೇ ಕೇಳಿದೆವು. ಶಾಪಿನವರು ಸುಮ್ನೆ ತಲೆಯಾಡಿಸಲಿಲ್ಲ, ಕ್ಲಾಸಿಗೇ ಬಂದು ಮಕ್ಕಳನ್ನು ಕೂರಿಸಿ, ಮೊಣಕಾಲಿನ ಹಿಂದೆ ಟೇಪು ಹಿಡಿದು ಅಳೆದರು! ಅಂಚನ್ನೂ ಉರುಟು ಮಾಡಿ ಕೊಟ್ಟಿದ್ದಾರೆ.

ಈಗ ಪಾದ ಪೂರ್ತಿ ನೆಲದ ಮೇಲೆ. ಬರೆಯುವಾಗ ಭುಜ ಕಿವಿಗೆ ಏರುವುದಿಲ್ಲ. ಮಧ್ಯಾಹ್ನದ ಊಟದ ನಂತರದ ಪೀರಿಯಡ್ಡಿನಲ್ಲೂ ಕೈ ಎತ್ತಿ "ಟೀಚರೇ, ನಾನು ಹೇಳ್ತೇನೆ" ಅನ್ನುವವರು ಜಾಸ್ತಿಯಾಗಿದ್ದಾರೆ. ಎರಡೆರಡು ಮಕ್ಕಳ ಬೆಂಚಾದ್ದರಿಂದ ಗುಂಪು ಪಾಠಕ್ಕೆ ಅವರೇ ಎಳೆದು ಜೋಡಿಸುತ್ತಾರೆ.

ಒಂದು ಕೊರತೆ ಇದೆ. ಬೆಂಚಿನ ಕಬ್ಬಿಣದ ಕಾಲಿನ ತುದಿಗೆ ಹಾಕಿದ ರಬ್ಬರ್ ಟೊಪ್ಪಿ, ಅಂದರೆ ಬುಶ್, ಮೂರೇ ತಿಂಗಳಲ್ಲಿ ಕಳಚಿತು, ನಮ್ಮ ಕಡೆಯ ಮಳೆಗಾಲಕ್ಕೆ ಆ ಕಬ್ಬಿಣ ತುಕ್ಕು ಹಿಡಿಯದೆ ಇರುತ್ತದಾ? ಮಾಡಿಸುವವರು ಪೇಂಟಿಗೆ ಮೊದಲು ಪ್ರೈಮರ್ ಹೊಡೆಸಿ, ಬುಶ್ಶನ್ನು ಒಂದಷ್ಟು ಜಾಸ್ತಿಯೇ ಕೇಳಿ ಇಟ್ಟುಕೊಳ್ಳಿ. ಮೂರನೇ ಕ್ಲಾಸಿಗೂ ಅಲ್ಲೇ ಆರ್ಡರ್ ಕೊಟ್ಟಿದ್ದೇವೆ.