ಶ್ರುತಿ ಪೆಟ್ಟಿಗೆ ಕೆಟ್ಟಿರಲಿಲ್ಲ: ಡಿಜಿಟಲ್ ಕಿವಿ ಮಿಷನ್ ಜತೆ ಐದು ವರ್ಷ

ಡಿಜಿಟಲ್ ಕಿವಿ ಮಿಷನ್ ಹಾಕಿಕೊಂಡ ವಾರದಲ್ಲೇ ಶ್ರುತಿ ಪೆಟ್ಟಿಗೆ ಕೆಟ್ಟಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋದೆ. ‘ಸರಿಯಾಗೇ ಇದೆಯಲ್ಲ ಸರ್’ ಅಂದರು.

ನನ್ನ ಎರಡೂ ಕಿವಿಯ ಕಿವುಡು 80 ಡೆಸಿಬೆಲ್ ದಾಟಿದೆ, ಅಂದರೆ ಜೋರು ಸದ್ದು ಮಾತ್ರ ಕೇಳುವಷ್ಟು. ಇದಕ್ಕೂ ಮುಂಚೆ ಹದಿನಾಲ್ಕು ವರ್ಷ ಹಳೇ ಬಗೆಯ ಅನಲಾಗ್ ಮಿಷನ್ ಹಾಕಿದ್ದೆ. ಅದು ಬಂದ ಸದ್ದನ್ನೆಲ್ಲ ಒಂದೇ ಸಮ ಏರಿಸಿ ಸುರಿಯುತ್ತಿತ್ತು. ಕುಕ್ಕರ್ ಕೂಗಿದರೆ ತಲೆ ಝುಂ ಅನ್ನುತ್ತಿತ್ತು, ಆದರೂ ಕೇಳಿಸುತ್ತಿದೆ ಅನ್ನುವ ಧೈರ್ಯ ಇತ್ತು. ಡಿಜಿಟಲ್ ಸಣ್ಣ ಸದ್ದನ್ನು ಜಾಸ್ತಿ ಎತ್ತುತ್ತದೆ, ದೊಡ್ಡದನ್ನು ತಡೆಯುತ್ತದೆ. ಗದ್ದಲಕ್ಕೆ ಒಗ್ಗಿದ ಕಿವಿಗೆ ಅದು ಸಪ್ಪೆ. ನಾಲ್ಕರಷ್ಟು ದುಡ್ಡು ಕೊಟ್ಟು ಕಿವುಡು ಹೆಚ್ಚಿಸಿಕೊಂಡೆನಾ ಅನಿಸಿತ್ತು. ಹಳೆಯದನ್ನು ಹೊಂದಿಸಲು ಪುಟ್ಟ ಸ್ಕ್ರೂಡ್ರೈವರ್ ಸಾಕಿತ್ತು. ಇದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಹೊಂದಿಸಲು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ನಾಲ್ಕು ಸಲ ಓಡಾಡಿದೆ.

ಬೆಳಿಗ್ಗೆ ಆರಕ್ಕೆ ಮಿಷನ್ನನ್ನು ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಿಂದ ತೆಗೆಯುತ್ತೇನೆ. ಕಿವಿಯೊಳಗೆ ಕೂರುವ ಅಚ್ಚಿನ ತೂತಿಗೆ ಊದಿ ತೇವ ಇದೆಯಾ ನೋಡುತ್ತೇನೆ. ಸೆಲ್ ಬದಲಿಸುವ ದಿನವಾದರೆ 675 ಅನ್ನುವ ಅಳತೆಯ ಸೆಲ್ಲಿನ ನೀಲಿ ಸ್ಟಿಕರ್ ಕಿತ್ತು ಒಂದು ನಿಮಿಷ ಸುಮ್ನೆ ಇಡುತ್ತೇನೆ. ಗಾಳಿ ಕುಡಿದರೇ ಅದಕ್ಕೆ ಜೀವ. ಅಷ್ಟರಲ್ಲಿ ಕಾಫಿ ಬೆರೆಸುವುದು. ಆಮೇಲೆ ಶ್ರುತಿ ಹಾಕಿ ಅರ್ಧ ಗಂಟೆ ಹಾಡಿಕೊಳ್ಳುವುದು.

ಎಡವಟ್ಟಾಗಿದ್ದು ಅಲ್ಲೇ. ಹೊರಗೆ ಸೋರಿದ ಸದ್ದು ಮತ್ತೆ ಮೈಕಿಗೆ ಹೋಗಿ ಮಿಷನ್ ‘ಕುಂಯ್’ ಅನ್ನದಂತೆ ತಡೆಯುವ ವ್ಯವಸ್ಥೆ ಡಿಜಿಟಲ್‌ನಲ್ಲಿದೆ. ಅದು ಎಳೆದ ಸ್ವರವನ್ನೂ ಕುಂಯ್ ಅಂತಲೇ ತಿಳಿದು ಅಳಿಸಲು ಹೋಗುತ್ತದೆ. ನಾನು ಗಮಕ ಹಾಕುವ ಮುಂಚೆ ನನ್ನ ಷಡ್ಜವೇ ಗಮಕ ಹಾಕುತ್ತಿತ್ತು! ಮಾರಿದವರು ಇದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಒಂದೂವರೆ ವರ್ಷ ಶ್ರುತಿ ಇಲ್ಲದೆ ಹಾಡಿದೆ. ಮನೆಯವರ ತಾಳ್ಮೆ ದೊಡ್ಡದು.

ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಹೊಸ ಅಚ್ಚು ಮಾಡಿಸಿದೆ. ಬಿಗಿಯಾಗಿ ಕೂರುವ ಅಚ್ಚಿದ್ದರೆ ಕುಂಯ್ ತಡೆಯನ್ನು ಸಡಿಲ ಮಾಡಬಹುದಂತೆ. ಸಂಗೀತಕ್ಕೆ ಅಂತಲೇ ಬೇರೆ ಪ್ರೋಗ್ರಾಮ್ ಹಾಕಿಸಿಕೊಂಡೆ. ಬಟನ್ ಒತ್ತಿದರೆ ಎರಡು ಬೀಪ್, ಷಡ್ಜ ನೆಟ್ಟಗೆ ನಿಲ್ಲುತ್ತದೆ. ಅವತ್ತು ಕಾಫಿ ಆರಿಹೋಯಿತು.

ಈಗ ಮಿಷನ್ ಜತೆ ಜಗಳ ಕಮ್ಮಿ. ಬಸ್ಸಿನಲ್ಲಿ ಕಂಡಕ್ಟರ್ ಮಾತು ಇಂಜಿನ್ ಸದ್ದಿನ ಮೇಲೆ ತೇಲಿ ಬರುತ್ತದೆ. ಅನಲಾಗ್‌ನಲ್ಲಿ ಎರಡೂ ಕಲಸಿದ ಹಿಟ್ಟು. ಮದುವೆ ಛತ್ರದಲ್ಲಿ ಮಾತ್ರ ಎರಡು ಮಿಷನ್ನೂ ಅಷ್ಟೇ, ತುಟಿ ನೋಡಲೇಬೇಕು. ಸಂಗೀತ ಕೇಳುವವರಾದರೆ ಕೊಳ್ಳುವ ಮುಂಚೆಯೇ ಶ್ರುತಿ ಹಾಕಿ ಪರೀಕ್ಷೆ ಮಾಡಿ, ನಾಚಿಕೊಳ್ಳಬೇಡಿ.

ಹಳೆಯ ಅನಲಾಗ್ ಇನ್ನೂ ಇದೆ. ಡಿಜಿಟಲ್ ರಿಪೇರಿಗೆ ಹೋದಾಗ ಅದನ್ನೇ ಹಾಕುತ್ತೇನೆ. ಆ ದಿನಗಳಲ್ಲಿ ಮಗಳು ಕುಕ್ಕರ್ ಇಡುವ ಮುಂಚೆ ನನ್ನ ಭುಜ ತಟ್ಟಿ ಹೇಳುತ್ತಾಳೆ.