ಹಿರಿಯರ ಸ್ಲೋ ಪಿಚ್ ಸಾಫ್ಟ್‌ಬಾಲಿಗೆ 26 ಔನ್ಸಿನ ಕಾಂಪೊಸಿಟ್ ಬ್ಯಾಟ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಅಮೆರಿಕದ ಅರಿಜೋನಾದ ಫೀನಿಕ್ಸ್ ಸುತ್ತಮುತ್ತಲಿನ ಹಿರಿಯರ ಲೀಗುಗಳಲ್ಲಿ ಸ್ಲೋ ಪಿಚ್ ಸಾಫ್ಟ್‌ಬಾಲ್, ಎಂದರೆ ಚೆಂಡನ್ನು ಕೆಳಗೈಯಲ್ಲಿ ನಿಧಾನವಾಗಿ ಎಸೆಯುವ ಬೇಸ್‌ಬಾಲ್ ಬಗೆಯ ಆಟ, ಆಡುತ್ತ ನಾನು ಕೆಲವು ವರ್ಷಗಳಿಂದ ಒಂದೇ ಬಗೆಯ ಕಾಂಪೊಸಿಟ್ (ಕಾರ್ಬನ್ ನಾರಿನ) ಬ್ಯಾಟನ್ನು ಬಳಸುತ್ತಿದ್ದೇನೆ. ಅದರ ಉದ್ದ 34 ಇಂಚು, ತೂಕ 26 ಔನ್ಸ್, ಎಂದರೆ ಸುಮಾರು 737 ಗ್ರಾಂ. ಚೆಂಡು ತಾಗುವ ದಪ್ಪ ಭಾಗವಾದ ಬ್ಯಾರೆಲ್ಲಿನ ಉದ್ದ ಹನ್ನೆರಡೂವರೆ ಇಂಚು. ಹಿಡಿ ಮತ್ತು ಬ್ಯಾರೆಲ್ಲನ್ನು ಬೇರೆಬೇರೆಯಾಗಿ ಮಾಡಿ ಜೋಡಿಸಿದ ಎರಡು ತುಂಡಿನ ರಚನೆ. ತುದಿಗೆ ಹೆಚ್ಚುವರಿ ಭಾರ ಸೇರಿಸದ, ಸಮತೂಕದ ಬ್ಯಾಟ್. ಮೈಕೆನ್, ಈಸ್ಟನ್, ಲೂಯಿವಿಲ್ ಸ್ಲಗ್ಗರ್, ವರ್ತ್ ಮುಂತಾದ ಹೆಸರುಗಳಲ್ಲಿ ಇಂತಹ ಬ್ಯಾಟುಗಳು ಬಂದಿವೆ. ನನ್ನದು ಯಾವ ಕಂಪನಿಯದು ಎಂಬುದನ್ನು ಇಲ್ಲಿ ಹೇಳುತ್ತಿಲ್ಲ, ಏಕೆಂದರೆ ಈ ವ್ಯಾಪಾರದಲ್ಲಿ ಬಣ್ಣವೂ ಹೆಸರೂ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಬದಲಾಗುತ್ತವೆ, ಇವತ್ತು ಹೇಳಿದ ಹೆಸರು ಬರುವ ವರ್ಷ ಅಂಗಡಿಯಲ್ಲಿ ಸಿಗದೆ ಹೋಗಬಹುದು. ತೂಕ, ಸಮತೂಕ ಮತ್ತು ಮುದ್ರೆ ಮಾತ್ರ ಉಳಿಯುವ ಸಂಗತಿಗಳು.

ಮುದ್ರೆಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಬ್ಯಾಟಿನ ಮೇಲೆ ಯಾವ ಸಂಸ್ಥೆಯ ಅನುಮೋದನೆಯ ಮುದ್ರೆ ಇದೆ ಎಂಬುದನ್ನು ನೋಡದೆ ಹಣ ಕೊಡಬಾರದು. ಸೀನಿಯರ್ ಸಾಫ್ಟ್‌ಬಾಲ್ ಯುಎಸ್‌ಎ ನಡೆಸುವ ಟೂರ್ನಿಗಳಲ್ಲಿ ಬ್ಯಾಟಿನ ಚಿಮ್ಮುಗೆಯ ಅಳತೆಯಾದ ಬಿಪಿಎಫ್ 1.21ರವರೆಗೆ ಇರಬಹುದು; ಯುಎಸ್‌ಎಸ್‌ಎಸ್‌ಎ ಎಂಬ ಇನ್ನೊಂದು ಸಂಸ್ಥೆಯ ಮುದ್ರೆಯ ಮಿತಿ 1.20. ಯುಎಸ್‌ಎ ಸಾಫ್ಟ್‌ಬಾಲ್ ಬೇರೆಯೇ ಲೆಕ್ಕ ಹಿಡಿದು, ಬ್ಯಾಟಿನಿಂದ ಹೊರಡುವ ಚೆಂಡು ಗಂಟೆಗೆ 98 ಮೈಲಿ ಮೀರಬಾರದೆಂದು ನಿಗದಿ ಮಾಡಿದೆ, ಮತ್ತು ಇದರ ಪರೀಕ್ಷೆ ಪುಲ್‌ಮನ್ನಿನ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಡೆಯುತ್ತದೆ. ನನ್ನದು 1.21ರ ಹಿರಿಯರ ಬ್ಯಾಟ್. ವಾರದ ನಡುವೆ ನಗರಸಭೆಯ ಉದ್ಯಾನದಲ್ಲಿ ಎಲ್ಲ ವಯಸ್ಸಿನವರೂ ಸೇರಿ ಆಡುವ ಲೀಗಿಗೆ ಅದನ್ನು ಒಯ್ದರೆ ಅಂಪೈರ್ ಪಕ್ಕಕ್ಕಿಡಿಸುತ್ತಾರೆ, ಇಡಿಸುವುದೇ ನ್ಯಾಯ. ಎರಡೂ ಕಡೆ ಆಡುವವರಿಗೆ ಎರಡು ಬ್ಯಾಟ್ ಬೇಕಾಗುತ್ತದೆ ಎಂಬ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಇನ್ನು ತೂಕ. ಅಂಗಡಿಯಲ್ಲಿ 25ರಿಂದ 30 ಔನ್ಸಿನವರೆಗೆ ಬ್ಯಾಟುಗಳು ಸಾಲಾಗಿ ನಿಂತಿರುತ್ತವೆ. ಕ್ರಿಕೆಟ್ ಆಡಿ ಬೆಳೆದ ನಮ್ಮವರ ಕೈ ತಾನಾಗಿ 28 ಅಥವಾ 30ರ ಕಡೆಗೆ ಹೋಗುತ್ತದೆ. ಒಂದು ಕಿಲೋಗಿಂತ ಹೆಚ್ಚು ತೂಗುವ ಕ್ರಿಕೆಟ್ ಬ್ಯಾಟ್ ಹಿಡಿದು ಅಭ್ಯಾಸವಿರುವವರಿಗೆ ಮುಕ್ಕಾಲು ಕಿಲೋ ಆಟಿಕೆಯಂತೆ ಕಾಣುವುದು ಸಹಜ. ಆದರೆ ಈ ಆಟದ ಲೆಕ್ಕಾಚಾರ ಬೇರೆ. ಕ್ರಿಕೆಟ್‌ನಲ್ಲಿ ವೇಗದ ಬೌಲರಿನ ಚೆಂಡಿಗೆ ಬ್ಯಾಟನ್ನು ಸುಮ್ಮನೆ ಅಡ್ಡ ಕೊಟ್ಟರೂ ಅದು ತನ್ನದೇ ವೇಗದಿಂದ ಬೌಂಡರಿಗೆ ಹೋಗಬಲ್ಲದು. ಸ್ಲೋ ಪಿಚ್‌ನಲ್ಲಿ 50 ಅಡಿ ದೂರದಿಂದ ಕೆಳಗೈಯಲ್ಲಿ ಎಸೆದ ಚೆಂಡು, ಹಿರಿಯರ ನಿಯಮದಂತೆ 6ರಿಂದ 12 ಅಡಿ ಎತ್ತರಕ್ಕೆ ಕಮಾನಾಗಿ ಏರಿ ಇಳಿದು, ಗಂಟೆಗೆ ಸುಮಾರು 25 ಮೈಲಿ ವೇಗದಲ್ಲಿ ಬ್ಯಾಟಿನ ಬಳಿ ಬರುತ್ತದೆ. ಅದು ತನ್ನೊಂದಿಗೆ ತರುವ ವೇಗ ಅತ್ಯಲ್ಪ. ಮರಳಿ ಹೋಗುವ ವೇಗವನ್ನೆಲ್ಲ ಬಹುಮಟ್ಟಿಗೆ ಆಟಗಾರನ ಬೀಸೇ ಒದಗಿಸಬೇಕು. ಬ್ಯಾಟಿನ ಭಾರ ಒಂದೆರಡು ಔನ್ಸ್ ಹೆಚ್ಚಾದರೆ ಡಿಕ್ಕಿಯಲ್ಲಿ ಸ್ವಲ್ಪ ಲಾಭವಾಗುತ್ತದೆ, ನಿಜ; ಆದರೆ ಅದೇ ಭಾರದಿಂದ ಬೀಸು ನಿಧಾನವಾದರೆ ಆ ಲಾಭ ಕರಗಿಹೋಗುತ್ತದೆ, ಮತ್ತು ಅರವತ್ತು ದಾಟಿದ ಭುಜಗಳಲ್ಲಿ ಬೀಸು ನಿಧಾನವಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಆದ್ದರಿಂದ ಬ್ಯಾಟನ್ನು ಆರಿಸುವಾಗ, ಬೆಳಗಿನ ಮೊದಲ ಪಂದ್ಯದಲ್ಲಿ ಯಾವುದನ್ನು ಬೀಸಬಲ್ಲೆ ಎಂದು ಕೇಳಿಕೊಳ್ಳುವುದಕ್ಕಿಂತ, ಅದೇ ದಿನದ ಮೂರನೆಯ ಪಂದ್ಯದಲ್ಲಿ ಯಾವುದನ್ನು ಅದೇ ವೇಗದಲ್ಲಿ ಬೀಸಬಲ್ಲೆ ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಟೂರ್ನಿಗಳಲ್ಲಿ ದಿನಕ್ಕೆ ಎರಡು ಮೂರು ಪಂದ್ಯಗಳು ಬರುವುದು ಸಾಮಾನ್ಯ. ಇದನ್ನು ಅಳೆಯಲು ಯಂತ್ರ ಬೇಕಿಲ್ಲ, ಚೆಂಡು ಬೀಳುವ ಜಾಗವನ್ನು ಗಮನಿಸಿದರೆ ಸಾಕು. ಬಲಗೈ ಆಟಗಾರನೊಬ್ಬ ಆಯಾಸಗೊಂಡ ಮೇಲೆ ಬ್ಯಾರೆಲ್ ಜೋತುಬಿದ್ದು, ಚೆಂಡಿನ ಕೆಳಭಾಗಕ್ಕೆ ತಾಗಿ, ಬಲಬದಿಯಲ್ಲಿ ಎತ್ತರದ ಸುಲಭ ಕ್ಯಾಚುಗಳಾಗತೊಡಗಿದರೆ ಬ್ಯಾಟ್ ಭಾರವಾಯಿತೆಂದು ತಿಳಿಯಬೇಕು. ಅದಕ್ಕೆ ವಿರುದ್ಧವಾಗಿ ಎಲ್ಲ ಹೊಡೆತಗಳೂ ಎಡಗಡೆಯ ಗೆರೆ ದಾಟಿ ಫೌಲ್ ಆಗುತ್ತಿದ್ದರೆ ಬ್ಯಾಟ್ ಆತನಿಗೆ ತೀರಾ ಹಗುರ. ನನ್ನ ಮಟ್ಟಿಗೆ 27 ಔನ್ಸಿನಲ್ಲಿ ಮೊದಲನೆಯ ತೊಂದರೆ ಕಂಡಿತು, 25ರಲ್ಲಿ ಎರಡನೆಯದು, 26 ಹೊಂದಿಕೊಂಡಿತು. ಇನ್ನೊಬ್ಬರಿಗೆ ಈ ಅಂಕಿ ಬೇರೆಯಾಗಬಹುದು, ಪರೀಕ್ಷೆ ಮಾತ್ರ ಇದೇ.

ತುದಿಭಾರದ ಬ್ಯಾಟುಗಳ ಬಗ್ಗೆ ಆಟಗಾರರಲ್ಲಿ ಬಹಳ ಮೋಹವಿದೆ. ಒಟ್ಟು ತೂಕ ಅದೇ 26 ಔನ್ಸ್ ಎಂದು ಬರೆದಿದ್ದರೂ ಅರ್ಧ ಅಥವಾ ಒಂದು ಔನ್ಸನ್ನು ತುದಿಗೆ ಸರಿಸಿದಾಗ ಬೀಸಿನಲ್ಲಿ ಅದು ಬೇರೆಯೇ ಬ್ಯಾಟ್ ಆಗಿಬಿಡುತ್ತದೆ, ತಕ್ಕಡಿಯ ಅಂಕಿ ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಸರಿಯಾಗಿ ತಾಗಿದರೆ ಚೆಂಡು ಬೇಲಿ ದಾಟುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹಿರಿಯರ ಟೂರ್ನಿಗಳಲ್ಲಿ ತಂಡದ ದರ್ಜೆಗೆ ತಕ್ಕಂತೆ ಹೋಮ್ ರನ್ನುಗಳಿಗೆ ಮಿತಿ ಇರುತ್ತದೆ, ಮಿತಿ ದಾಟಿದ ಮೇಲೆ ಬೇಲಿಯಾಚೆ ಹೋದ ಚೆಂಡಿಗೆ ಸಿಗುವುದು ಔಟ್. ಇನ್‌ಫೀಲ್ಡಿನ ತಲೆ ಮೇಲೆ, ಔಟ್‌ಫೀಲ್ಡಿನವರ ಮುಂದೆ ಚೆಂಡನ್ನು ಬೀಳಿಸುವ ಆಟಕ್ಕೆ ಸಮತೂಕದ ಬ್ಯಾಟೇ ಮೇಲು. ಎರಡು ತುಂಡಿನ ರಚನೆಯನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣ ಮೊಣಕೈ. ಹಿಡಿಯ ಹತ್ತಿರ ಚೆಂಡು ತಾಗಿದಾಗ ಒಂದೇ ತುಂಡಿನ ಬ್ಯಾಟಿನಲ್ಲಿ ಕೈಗೆ ಜುಮ್ಮೆಂದು ಹೊಡೆಯುವ ಕಂಪನವನ್ನು ನಡುವಿನ ಜೋಡಣೆ ಬಹಳಷ್ಟು ನುಂಗುತ್ತದೆ. ಮರುದಿನ ಹಾಲಿನ ಡಬ್ಬಿ ಎತ್ತುವಾಗ ಆ ವ್ಯತ್ಯಾಸ ತಿಳಿಯುತ್ತದೆ. ಬ್ಯಾರೆಲ್ಲಿನ ಉದ್ದದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ, ಹನ್ನೆರಡಕ್ಕೂ ಹನ್ನೆರಡೂವರೆಗೂ ನನಗೆ ಭೇದ ಕಾಣಿಸಿಲ್ಲ.

ಕಾಂಪೊಸಿಟ್ ಬ್ಯಾಟ್ ಹೇಗೆ ಹಳೆಯದಾಗುತ್ತದೆ ಎಂಬುದು ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡ ಮತ್ತೊಂದು ಸಂಗತಿ, ಏಕೆಂದರೆ ಹೊಸದಾಗಿ ಕೊಂಡವರು ಮೊದಲ ವಾರದಲ್ಲಿಯೇ ನಿರಾಶರಾಗುವುದು ಇಲ್ಲಿಯೇ. ಕಾರ್ಬನ್ ನಾರಿನ ಪದರಗಳನ್ನು ರೆಸಿನ್ ಎಂಬ ಅಂಟಿನಲ್ಲಿ ಕೂಡಿಸಿ ಮಾಡಿದ ಬ್ಯಾರೆಲ್, ಚೆಂಡು ತಾಗಿದಾಗ ಒಳಕ್ಕೆ ಬಾಗಿ ಮತ್ತೆ ಹೊರಕ್ಕೆ ಚಿಮ್ಮುತ್ತದೆ. ಚೆಂಡು ತಾನೇ ಚಪ್ಪಟೆಯಾಗಿ ಕಳೆದುಕೊಳ್ಳುತ್ತಿದ್ದ ಶಕ್ತಿಯಲ್ಲಿ ಒಂದು ಪಾಲು ಹೀಗೆ ಉಳಿಯುತ್ತದೆ. ಹೊಸ ಬ್ಯಾರೆಲ್ ಬಿಗಿಯಾಗಿರುವುದರಿಂದ ಅದು ಅಷ್ಟಾಗಿ ಬಾಗುವುದಿಲ್ಲ. ಇನ್ನೂರು ಮುನ್ನೂರು ಹೊಡೆತಗಳಾಗುವಷ್ಟರಲ್ಲಿ ಅಂಟಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿ, ಗೋಡೆ ಸಡಿಲಗೊಂಡು, ಬ್ಯಾಟ್ ಪಳಗುತ್ತದೆ. ಹೊಸ ವಿಲ್ಲೋ ಬ್ಯಾಟಿಗೆ ಎಣ್ಣೆ ಹಚ್ಚಿ ಮರದ ಸುತ್ತಿಗೆಯಿಂದ ಬಡಿಯುತ್ತ ಕೂತ ನೆನಪಿರುವವರಿಗೆ ಇದು ಪರಿಚಿತವೆನಿಸಬಹುದು, ಆದರೆ ಅಲ್ಲಿ ಬಡಿತದಿಂದ ಮರದ ಮೈ ಒತ್ತಾಗಿ ಗಟ್ಟಿಯಾಗುತ್ತದೆ, ಇಲ್ಲಿ ಗೋಡೆ ಮೆತ್ತಗಾಗುತ್ತದೆ. ನಾನು ಟೀ ಎಂಬ ಗಿಡ್ಡ ಕಂಬದ ಮೇಲೆ ಚೆಂಡಿಟ್ಟು ಅರ್ಧ ಬಲದಿಂದ ಆರಂಭಿಸಿ, ಪ್ರತಿ ಹೊಡೆತದ ನಂತರ ಬ್ಯಾಟನ್ನು ಕಾಲು ಸುತ್ತು ತಿರುಗಿಸುತ್ತ ಪಳಗಿಸಿದೆ. ಒಂದೇ ಬದಿ ಸವೆಯದಂತೆ ಪಂದ್ಯಗಳಲ್ಲಿಯೂ ಆಗಾಗ ತಿರುಗಿಸುವ ರೂಢಿ ಇಟ್ಟುಕೊಂಡಿದ್ದೇನೆ. ಪಿಚಿಂಗ್ ಯಂತ್ರದ ಗುಳಿಗುಳಿ ಮೈಯ ಗಟ್ಟಿ ಚೆಂಡುಗಳಿಗೆ ಈ ಬ್ಯಾಟನ್ನು ಎಂದೂ ಒಡ್ಡಿಲ್ಲ, ಒಡ್ಡಲೂಬಾರದು.

ಪಳಗಿದ ಬ್ಯಾಟಿನ ಸದ್ದು ಬದಲಾಗುತ್ತದೆ. ಮೊದಲು ಗಡುಸಾಗಿ ಟಕ್ಕೆನ್ನುತ್ತಿದ್ದದ್ದು ಬರಬರುತ್ತ ಆಳವಾದ, ಟೊಳ್ಳು ತುಂಬಿದ ಸದ್ದಾಗುತ್ತದೆ. ಎರಡನೆಯ ಋತುವಿನ ಹೊತ್ತಿಗೆ ನನ್ನ ಬ್ಯಾರೆಲ್ಲಿನ ಬಣ್ಣದ ಮೇಲೆ ಜೇಡರ ಬಲೆಯಂತಹ ನವಿರು ಗೆರೆಗಳು ಮೂಡಿದವು. ಇವು ಬರಿಯ ಮೇಲ್ಪದರದ ಗೆರೆಗಳೋ ನಿಜವಾದ ಬಿರುಕೋ ಎಂದು ತಿಳಿಯಲು ಹೆಬ್ಬೆರಳಿನ ಉಗುರನ್ನು ಅಡ್ಡಲಾಗಿ ಎಳೆದು ನೋಡುತ್ತೇನೆ. ಉಗುರು ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ಆಡಬಹುದು. ಕೆಲವು ತಿಂಗಳ ನಂತರ ಒಂದು ಗೆರೆಯಲ್ಲಿ ಉಗುರು ನಿಂತಿತು, ಅಲ್ಲಿಯೇ ಹಿಂಡಿದಾಗ ಅಂಚಿನಲ್ಲಿ ಕಪ್ಪು ನಾರಿನ ಎಳೆ ಮೇಲಕ್ಕೆದ್ದು ಗ್ಲೌಸಿಗೆ ಚುಚ್ಚಿಕೊಂಡಿತು, ಅಲುಗಿಸಿದಾಗ ಒಳಗಡೆ ಏನೋ ಗಲಗಲ ಎಂದಿತು. ಅದಕ್ಕೆ ಹಿಂದಿನ ವಾರಗಳಲ್ಲಿಯೇ ಆ ಬ್ಯಾಟ್ ಎಂದಿಗಿಂತಲೂ ಚೆನ್ನಾಗಿ ಹೊಡೆಯುತ್ತಿತ್ತು. ಗೋಡೆ ಸಡಿಲಗೊಂಡಷ್ಟೂ ಚಿಮ್ಮುಗೆ ಹೆಚ್ಚುತ್ತದೆ, ಒಡೆಯುವ ಮುನ್ನ ಅದು ತುತ್ತತುದಿಗೆ ಏರಿರುತ್ತದೆ, ಆದುದರಿಂದಲೇ ಟೂರ್ನಿಗಳಲ್ಲಿ ಬ್ಯಾರೆಲ್ಲನ್ನು ಒತ್ತಿ ಅಳೆಯುವ ಉಪಕರಣದಿಂದ ಬ್ಯಾಟುಗಳನ್ನು ತಪಾಸಿಸುತ್ತಾರೆ.

ಹವಾಮಾನದ ಬಗ್ಗೆ ತಯಾರಕರು ಕೊಡುವ ಎಚ್ಚರಿಕೆಯನ್ನು ಬಹಳ ಮಂದಿ ಲಘುವಾಗಿ ನೋಡುತ್ತಾರೆ. 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹದಿನಾರು ಡಿಗ್ರಿಗಿಂತ, ತಂಪಾದಾಗ ಅಂಟು ಪೆಡಸಾಗುತ್ತದೆ, ಚೆಂಡು ಕಲ್ಲಾಗುತ್ತದೆ. ಹಿರಿಯರ ಟೂರ್ನಿಗಳಲ್ಲಿ ಬಳಸುವ ಚೆಂಡು ಮೊದಲೇ ಗಟ್ಟಿ ಜಾತಿಯದು: ಅದನ್ನು ಕಾಲು ಇಂಚು ಅದುಮಲು 375 ಪೌಂಡ್ ಒತ್ತಡ ಬೇಕು. ಮರುಭೂಮಿಯ ಊರಾದ ಫೀನಿಕ್ಸ್‌ನಲ್ಲಿ ಚಳಿಯ ಮಾತೇಕೆ ಎಂದು ಕೇಳುವವರು ಜನವರಿಯ ಬೆಳಗಿನ ಎಂಟು ಗಂಟೆಗೆ ಇಲ್ಲಿಯ ಮೈದಾನಕ್ಕೆ ಬಂದು ನಿಂತು ನೋಡಬೇಕು. ಆ ಹೊತ್ತಿನ ಪಂದ್ಯಗಳಿಗೆ ನಾನು ಹಳೆಯ ಅಲ್ಯೂಮಿನಿಯಂ ಬ್ಯಾಟನ್ನು ತೆಗೆದುಕೊಳ್ಳುತ್ತೇನೆ, ಬಿಸಿಲು ಏರಿದ ಮೇಲೆ ಕಾಂಪೊಸಿಟ್ ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಕಾಟ ಬ್ಯಾಟಿನದಲ್ಲ, ಚೆಂಡಿನದು. ಬಿಸಿಲಿಗೆ ಅದು ಮೆದುವಾಗಿ, ಎಷ್ಟು ಬಲವಾಗಿ ಹೊಡೆದರೂ ದೂರ ಹೋಗುವುದಿಲ್ಲ. ಬ್ಯಾಟನ್ನು ಕಾರಿನ ಡಿಕ್ಕಿಯಲ್ಲಿ ಬಿಡದೆ ಮನೆಯೊಳಗೆ ಇಡುತ್ತೇನೆ, ಅಷ್ಟೇ.

ಚೆಂಡೆಸೆಯುವ ಪಿಚರ್ ಬಗ್ಗೆ ಒಂದು ಮಾತು ಹೇಳಲೇಬೇಕು. 50 ಅಡಿ ದೂರದಲ್ಲಿ ನಿಂತಿರುವ ಆತನೂ ನಮ್ಮ ವಯಸ್ಸಿನವನೇ, ನೇರವಾಗಿ ಮರಳಿ ಬರುವ ಚೆಂಡಿಗೆ ಕೈ ಎತ್ತಲು ಆತನಿಗೆ ಸಿಗುವ ಸಮಯ ಅರ್ಧ ಸೆಕೆಂಡಿನ ಆಸುಪಾಸು. ಎದುರಿನ ಪಿಚರ್ ಮುಖಕವಚ ಧರಿಸಿಲ್ಲದಿದ್ದರೆ, ಮುಂದೆ ರಕ್ಷಣೆಯ ಬಲೆಯೂ ಇಲ್ಲದಿದ್ದರೆ, ನಿಯಮ ಅನುಮತಿ ಕೊಟ್ಟರೂ ನಾನು 1.21ರ ಬ್ಯಾಟ್ ಹಿಡಿಯುವುದಿಲ್ಲ.

ಬೆಲೆ ಮತ್ತು ವಾರಂಟಿ. ಹೊಸ ಬ್ಯಾಟುಗಳು 200ರಿಂದ 400 ಡಾಲರಿನವರೆಗೆ ಇವೆ. ಹೋದ ವರ್ಷದ ಬಣ್ಣದ್ದನ್ನು ಅಂಗಡಿಯವರು ಕಡಿಮೆಗೆ ಕೊಡುತ್ತಾರೆ, ಅದನ್ನು ಕೊಳ್ಳುವುದರಲ್ಲಿ ಜಾಣತನವಿದೆ. ಸಾಮಾನ್ಯವಾಗಿ ವಾರಂಟಿ ಕೊಂಡ ದಿನದಿಂದ ಒಂದು ವರ್ಷ, ಅಧಿಕೃತ ಮಾರಾಟಗಾರನ ರಸೀದಿ ಬೇಕು. ನನ್ನ ಮೊದಲ ಬ್ಯಾಟ್ ಆ ಅವಧಿಯೊಳಗೇ ಹಿಡಿಯ ಜೋಡಣೆಯಲ್ಲಿ ಸಡಿಲಗೊಂಡಾಗ ಕಂಪನಿ ಬೇರೆ ಬ್ಯಾಟ್ ಕಳಿಸಿತು, ಆದರೆ ವಾರಗಟ್ಟಲೆ ಕಾಯಿಸಿತು, ಮತ್ತು ಬದಲಿಗೆ ಬಂದದ್ದಕ್ಕೆ ಹೊಸದಾಗಿ ಒಂದು ವರ್ಷ ಕೊಡಲಿಲ್ಲ. ಉಗುರು ಸಿಕ್ಕಿಕೊಂಡ ಬಿರುಕಿನ ಬ್ಯಾಟ್ ಈ ಎರಡನೆಯದು, ಅದರ ನಷ್ಟ ನನ್ನದೇ ಆಯಿತು. ಈಗಿನದು ಅದೇ ಅಳತೆಯ ಮೂರನೆಯ ಬ್ಯಾಟ್. ಬಳಸಿದ ಬ್ಯಾಟುಗಳನ್ನು ಅಗ್ಗಕ್ಕೆ ಮಾರುವವರಿದ್ದಾರೆ. ಅವುಗಳಲ್ಲಿ ಕೆಲವನ್ನು ರೋಲರುಗಳ ನಡುವೆ ಒತ್ತಿ ಪಳಗಿಸಿರುತ್ತಾರೆ, ಕೆಲವುದರ ತುದಿಮುಚ್ಚಳ ತೆಗೆದು ಒಳಗೋಡೆಯನ್ನೇ ಹೆರೆದಿರುತ್ತಾರೆ. ಎರಡೂ ನಿಯಮಬಾಹಿರ, ಹೊರಗಿನಿಂದ ನೋಡಿದರೆ ಗೊತ್ತಾಗದು. ವಾರಂಟಿಯಂತೂ ಇರುವುದಿಲ್ಲ.

ವಾರಕ್ಕೆ ಒಂದು ಪಂದ್ಯ ಮಾತ್ರ ಆಡುವ, ಭುಜ ಇನ್ನೂ ಗಟ್ಟಿಯಾಗಿರುವ, ಚೆಂಡನ್ನು ಎತ್ತಿ ಹೊಡೆಯಲೆಂದೇ ತಂಡ ಆರಿಸಿಕೊಂಡಿರುವ ಐವತ್ತರ ಆಟಗಾರನಿಗೆ ನಾನು ಈ ಬ್ಯಾಟನ್ನು ಶಿಫಾರಸು ಮಾಡುವುದಿಲ್ಲ. ಅಂಥವರು ಅರ್ಧ ಔನ್ಸ್ ತುದಿಭಾರದ 27 ಅಥವಾ 28ನ್ನು ಜೊತೆಯ ಆಟಗಾರನಿಂದ ಒಂದು ಅಭ್ಯಾಸದ ಮಟ್ಟಿಗೆ ಕೇಳಿ ಪಡೆದು, ದಣಿದ ಮೇಲೂ ಅದೇ ವೇಗದಲ್ಲಿ ಬೀಸಲು ಸಾಧ್ಯವಾದರೆ ಕೊಳ್ಳಬಹುದು.