ಮ್ಯಾಂಗನೈಟ್‌ಗೆ ಇಎಸ್‌ಆರಾ, ಎನ್‌ಎಂಆರಾ?

ಮಾಟುಂಗಾದ ಉಡುಪಿ ಹೋಟೆಲಲ್ಲಿ ಇಡ್ಲಿ ತಿನ್ನುತ್ತಾ ಧಾರವಾಡದ ಪಿಎಚ್‌ಡಿ ಹುಡುಗ ಇದನ್ನೇ ಕೇಳಿದ. ಮ್ಯಾಂಗನೈಟ್ ಅಂದರೆ ಮ್ಯಾಂಗನೀಸ್ ಆಕ್ಸೈಡಿನ ಕಾಂತೀಯ ವಸ್ತು; ಅದರೊಳಗೆ ಬೇರೆ ಬೇರೆ ಕಾಂತೀಯ ಪ್ರಾವಸ್ಥೆಗಳು (ಸ್ಥಿತಿಗಳು) ಜೊತೆಗಿವೆಯಾ ಅಂತ ನೋಡಬೇಕು. ಇಎಸ್‌ಆರ್ ಎಲೆಕ್ಟ್ರಾನ್‌ಗಳ ಕಾಂತತೆಯನ್ನು ಮೈಕ್ರೋವೇವ್‌ನಿಂದ ನೋಡುತ್ತದೆ, ಎನ್‌ಎಂಆರ್ ಪರಮಾಣು ಬೀಜದ ಕಾಂತತೆಯನ್ನು ರೇಡಿಯೋ ಅಲೆಯಿಂದ.

ಮೊದಲು ಇಎಸ್‌ಆರ್ ಮಾಡಿಸಪ್ಪ, ಅಂದೆ. ಪೊವಾಯಿಯ ಐಐಟಿಯಲ್ಲೇ ಯಂತ್ರವಿದೆ, ಚಿಟಿಕೆ ಪುಡಿ ಸಾಕು. 9.4 ಗಿಗಾಹರ್ಟ್ಸ್‌ನಲ್ಲಿ ಪ್ಯಾರಾಮ್ಯಾಗ್ನೆಟಿಕ್ (ಪುಟ್ಟ ಕಾಂತಗಳು ದಿಕ್ಕಾಪಾಲಾದ) ಭಾಗದ ಗೆರೆ ಸುಮಾರು 3350 ಗಾಸ್ ಕಾಂತಕ್ಷೇತ್ರದ ಬಳಿ ಬರುತ್ತದೆ. ಫೆರೋ (ಕಾಂತಗಳು ಒಂದೇ ದಿಕ್ಕಿಗೆ ನಿಂತ) ಭಾಗದ ಗೆರೆ ಅಲ್ಲಿಂದ ಸರಿಯುತ್ತದೆ. ಎರಡೂ ಒಟ್ಟಿಗೆ ಕಂಡರೆ ಎರಡು ಪ್ರಾವಸ್ಥೆ ಜೊತೆಗಿವೆ ಎಂಬ ಸುಳಿವು. ಸುಳಿವು ಅಷ್ಟೇ! ಕಣಗಳ ಆಕಾರವೂ ಗೆರೆಯನ್ನು ಸರಿಸುತ್ತದೆ, ಹುಷಾರು. ಆಂಟಿಫೆರೋ (ಅಕ್ಕಪಕ್ಕದ ಕಾಂತಗಳು ಎದುರುಬದುರು ನಿಂತ) ಭಾಗವಂತೂ ಇಲ್ಲಿ ಹೆಚ್ಚಾಗಿ ಮಾಯ.

ಮ್ಯಾಂಗನೀಸ್-55 ಎನ್‌ಎಂಆರ್‌ಗೆ ಹೊರಗಿನ ಮ್ಯಾಗ್ನೆಟ್ಟೇ ಬೇಕಿಲ್ಲ, ಪರಮಾಣುವಿನ ಒಳಗಿನ ಕ್ಷೇತ್ರವೇ ಸಾಕು. ಲೋಹದಂಥ ಫೆರೋ ಭಾಗ ಸುಮಾರು 380 ಮೆಗಾಹರ್ಟ್ಸ್‌ನಲ್ಲಿ, ಎಲೆಕ್ಟ್ರಾನ್ ಓಡಾಡದ ಮ್ಯಾಂಗನೀಸ್ 4+ ಸುಮಾರು 320ರಲ್ಲಿ ಸಿಗುತ್ತದೆ. ಆದರೆ ತುಂಬಾ ತಣ್ಣಗಿಡಲು ಬೇಕಾದ ದ್ರವ ಹೀಲಿಯಂ ಖರ್ಚು ಜಾಸ್ತಿ.

ಕ್ಯೂರಿ ತಾಪದ (ಫೆರೋ ಗುಣ ಹೋಗುವ ತಾಪದ) ಆಚೀಚೆ ಮಾತ್ರ ನೋಡುವುದಾದರೆ ಎನ್‌ಎಂಆರ್ ಸುಮ್ನೆ ದಂಡ.